ಎಣ್ಣೆ ಹಚ್ಚಿದ ದಾರಿಗೆ ಎಂಥ ಚೆಂಡು?

ಬೌಲಿಂಗ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಕ್ರಿಕೆಟ್ ಮೈದಾನ. ಇಲ್ಲಿ ಹೇಳಹೊರಟಿರುವುದು ಅದರ ಮಾತಲ್ಲ. ಅಮೆರಿಕದಲ್ಲಿ ಮನೆಮಾತಾಗಿರುವ, ಬೆಂಗಳೂರಿನ ಕೆಲವು ಮಾಲುಗಳಲ್ಲಿಯೂ ಕಾಣಸಿಗುವ ಹತ್ತು ಪಿನ್ನುಗಳ ಬೌಲಿಂಗ್. ೬೦ ಅಡಿ ಉದ್ದದ, ಸುಮಾರು ಮೂರೂವರೆ ಅಡಿ ಅಗಲದ ನುಣುಪಾದ ಹಾಸೊಂದುಂಟು. ಅದಕ್ಕೆ ಲೇನ್ ಎಂದು ಹೆಸರು. ಇಕ್ಕೆಲದಲ್ಲಿ ಮೋರಿ. ಆ ತುದಿಯಲ್ಲಿ ತ್ರಿಕೋನವಾಗಿ ನಿಂತ ಹತ್ತು ಪಿನ್ನುಗಳನ್ನು ಈ ತುದಿಯಿಂದ ಚೆಂಡು ಉರುಳಿಸಿ ಕೆಡಹಬೇಕು. ಹೊಸದಾಗಿ ನೋಡುವವರಿಗೆ ಇದು ತೋಳ್ಬಲದ ಆಟವೆಂದು ತೋರೀತು. ಪಳಗಿದ ಆಟಗಾರನ ಲೆಕ್ಕಾಚಾರವೇ ಬೇರೆ. ಆತ ಚೆಂಡಿಗೆ ಕೈ ಹಾಕುವ ಮೊದಲು ವಿಚಾರಿಸುವುದು ಇಷ್ಟು: ಲೇನಿನ ಮೇಲೆ ಎಣ್ಣೆ ಎಷ್ಟಿದೆ, ಎಲ್ಲಿಯವರೆಗೆ ಇದೆ?

ಎಣ್ಣೆಯೇ? ಹೌದು, ಎಣ್ಣೆಯೇ. ಹಿಂದೆ ಲೇನುಗಳು ಮೇಪಲ್ ಮತ್ತು ಪೈನ್ ಮರದ ಹಲಗೆಗಳಿಂದ ಆಗುತ್ತಿದ್ದುವು. ಮೇಲೆ ಅರಗಿನ ಮೆರುಗು. ಭಾರವಾದ ಚೆಂಡು ದಿನವೆಲ್ಲ ಉಜ್ಜಿಕೊಂಡು ಹೋದರೆ ಮೆರುಗು ಕಿತ್ತು ಬರುವುದು ಸಹಜ. ಅದನ್ನು ಕಾಪಾಡಲೆಂದು ಬಂದ ಎಣ್ಣೆ, ಕೃತಕ ಹಾಸುಗಳು ಬಂದ ಮೇಲೂ ಉಳಿಯಿತು. ಈಗ ಅದು ಆಟದ ಒಂದು ಅಂಗವೇ ಆಗಿದೆ. ಯಂತ್ರವೊಂದು ಖನಿಜ ತೈಲವನ್ನು ತೆಳ್ಳಗೆ ಸವರಿಕೊಂಡು ಹೋಗುತ್ತದೆ. ಒಂದು ಲೇನಿಗೆ ೨೦ರಿಂದ ೩೦ ಮಿಲಿಲೀಟರ್ ಸಾಕು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಒಂದು ದೊಡ್ಡ ಒಗ್ಗರಣೆಯಷ್ಟು. ಅದು ಕಣ್ಣಿಗೆ ಕಾಣುವುದು ಕಷ್ಟ. ಆಟಗಾರನ ತೊಡಕೆಲ್ಲ ಇರುವುದು ಇಲ್ಲಿಯೇ.

ಎಣ್ಣೆಯನ್ನು ಉದ್ದಕ್ಕೂ ಹಚ್ಚುವುದಿಲ್ಲ. ಸಾಮಾನ್ಯ ಆಟದ ಮನೆಗಳಲ್ಲಿ ಸುಮಾರು ೪೦ ಅಡಿಯವರೆಗೆ ಹಚ್ಚಿ, ಪಿನ್ನಿನ ಬಳಿಯ ೨೦ ಅಡಿಯನ್ನು ಒಣಗಲು ಬಿಟ್ಟಿರುತ್ತಾರೆ. ಅಗಲದಲ್ಲಿಯೂ ಅಷ್ಟೆ, ನಡುವೆ ದಟ್ಟ, ಅಂಚಿಗೆ ತೆಳು. ಇದು ಕಲಿಯುವವರಿಗೆ ಬಲು ಅನುಕೂಲ. ಬಲಗೈಯವನ ಚೆಂಡು ಗುರಿತಪ್ಪಿ ಬಲ ಅಂಚಿಗೆ ಸರಿದರೆ ಅಲ್ಲಿನ ಒಣ ನೆಲ ಅದನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ. ಒಳಕ್ಕೆ ಸರಿದರೆ ನಡುವಿನ ಎಣ್ಣೆ ಅದನ್ನು ಹೆಚ್ಚು ತಿರುಗಗೊಡದೆ ಜಾರಿಸಿಕೊಂಡು ಹೋಗುತ್ತದೆ. ಸಂಸ್ಕೃತದಲ್ಲಿ ಸ್ನೇಹ ಎಂಬ ಒಂದೇ ಮಾತು ಪ್ರೀತಿಗೂ ಎಣ್ಣೆಗೂ ಸಲ್ಲುತ್ತದೆಯಷ್ಟೆ. ಈ ಬಗೆಯ ಲೇನನ್ನು ಕಂಡಾಗ ಆ ಶ್ಲೇಷೆಗೆ ಅರ್ಥವಿದೆಯೆನಿಸುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಈ ದಾಕ್ಷಿಣ್ಯವಿಲ್ಲ. ಅಲ್ಲಿ ಅಂಚಿಗೂ ನಡುವಿಗೂ ಎಣ್ಣೆಯ ಅಂತರ ಕಡಿಮೆ; ಉದ್ದವೂ ಬದಲಾಗುತ್ತದೆ. ಅಮೆರಿಕದ ವೃತ್ತಿ ಆಟಗಾರರು ಈ ವಿನ್ಯಾಸಗಳನ್ನು ಪ್ರಾಣಿಗಳ ಹೆಸರಿನಿಂದ ಕರೆಯುತ್ತಾರೆ: ಚೀತಾ ಎಂದರೆ ಗಿಡ್ಡ ಎಣ್ಣೆ, ಶಾರ್ಕ್ ಎಂದರೆ ನೀಳ ಎಣ್ಣೆ.

ಚೆಂಡು ನೆಟ್ಟಗೆ ಹೋದರೆ ಸಾಲದೇ, ತಿರುಗುವುದೇಕೆ ಎಂದು ನೀವು ಕೇಳಬಹುದು. ಚೆಂಡು ಎಷ್ಟೇ ಭಾರವಿರಲಿ (೧೬ ಪೌಂಡು, ಎಂದರೆ ಸುಮಾರು ಏಳೂಕಾಲು ಕಿಲೋ, ಅದರ ಮೇಲ್ಮಿತಿ), ಒಂದೊಂದೂ ಒಂದೂವರೆ ಕಿಲೋ ತೂಗುವ ಪಿನ್ನುಗಳಿಗೆ ತಗುಲಿದಾಗ ಪಕ್ಕಕ್ಕೆ ಸಿಡಿಯುತ್ತದೆ. ಓರೆಯಾಗಿ, ನಾಲ್ಕರಿಂದ ಆರು ಡಿಗ್ರಿಯ ಕೋನದಲ್ಲಿ, ಮೊದಲ ಪಿನ್ನಿನ ಪಕ್ಕಕ್ಕೆ ನುಗ್ಗಿದ ಚೆಂಡು ಸಾಲಿನ ಒಡಲನ್ನೇ ಸೀಳುತ್ತದೆ. ನೇರ ಎಸೆತದಿಂದ ಅಷ್ಟು ಕೋನ ದೊರೆಯದು. ಆದುದರಿಂದ ಚೆಂಡಿಗೆ ಬೆರಳಿನಿಂದ ಪಕ್ಕದ ಸುತ್ತು ಕೊಡುತ್ತಾರೆ. ಎಣ್ಣೆಯ ಮೇಲೆ ಅದು ಸುತ್ತುತ್ತಲೇ ಜಾರುತ್ತದೆ. ಒಣ ನೆಲ ಸಿಕ್ಕಾಗ ಕಚ್ಚಿ ತಿರುಗುತ್ತದೆ. ಆಮೇಲೆ ಸಲೀಸಾಗಿ ಉರುಳುತ್ತದೆ. ಈ ಮೂರು ಅವಸ್ಥೆಗಳು ಸರಿಯಾದ ಸ್ಥಳದಲ್ಲಿ ಬರುವಂತೆ ನೋಡಿಕೊಳ್ಳುವುದೇ ಚೆಂಡಿನ ಆಯ್ಕೆ. ಬೇಗ ತಿರುಗಿದ ಚೆಂಡು ಪಿನ್ನು ಮುಟ್ಟುವ ಹೊತ್ತಿಗೆ ಬಳಲಿರುತ್ತದೆ. ತಿರುಗದ ಚೆಂಡು ಗುರಿಯನ್ನೇ ಮುಟ್ಟದು.

ಹಾಗಾದರೆ ಯಾವ ಲೇನಿಗೆ ಯಾವುದು? ಕೊಳ್ಳುವವರು ಮೊದಲು ನೋಡಬೇಕಾದುದು ಚೆಂಡಿನ ಹೊರಮೈಯನ್ನು. ಮೊದಲಲ್ಲಿ ಲಿಗ್ನಂ ವೈಟೀ ಎಂಬ ಗಟ್ಟಿ ಮರದ ಚೆಂಡುಗಳಿದ್ದುವು. ೧೯೦೫ರಲ್ಲಿ ಗಟ್ಟಿ ರಬ್ಬರಿನದು ಬಂದಿತು. ಆಮೇಲೆ ಪಾಲಿಯೆಸ್ಟರ್, ೧೯೮೦ರ ದಶಕದ ಆರಂಭದಲ್ಲಿ ಯುರೆಥೇನ್, ೧೯೯೦ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ಪಾಲಿಯೆಸ್ಟರಿನದು, ಎಂದರೆ ಆಡುಮಾತಿನ ಪ್ಲಾಸ್ಟಿಕ್ ಚೆಂಡು, ನೆಲವನ್ನು ಅಷ್ಟಾಗಿ ಕಚ್ಚುವುದಿಲ್ಲ. ಆಟದ ಮನೆಯವರು ಎಲ್ಲರ ಬಳಕೆಗೆಂದು ಇಟ್ಟಿರುವುದು ಸಾಮಾನ್ಯವಾಗಿ ಅದೇ. ತೀರ ಒಣಗಿದ ಲೇನಿಗೆ ಅದು ಒಳ್ಳೆಯದು. ಯುರೆಥೇನ್ ನಿಧಾನವಾಗಿ, ಬಿಲ್ಲಿನಂತೆ ಬಾಗಿ ಹೋಗುತ್ತದೆ. ಗಿಡ್ಡ ಎಣ್ಣೆಗೆ ಅದು ನಂಬಿಕೆಯ ಒಡನಾಡಿ. ರಿಯಾಕ್ಟಿವ್ ಚೆಂಡಿನ ಮೈಯಲ್ಲಿ ಅತಿ ಸೂಕ್ಷ್ಮ ರಂಧ್ರಗಳಿವೆ. ಅದು ಎಣ್ಣೆಯನ್ನು ಹೀರುತ್ತ ನೆಲವನ್ನು ಬಲವಾಗಿ ಕಚ್ಚುತ್ತದೆ. ಇದರಲ್ಲಿಯೂ ಎರಡು ಮುಖ್ಯ ಜಾತಿಗಳು. ಸಾಲಿಡ್ ಎಂಬುದು ಬೇಗ ನೆಲ ಹಿಡಿಯುತ್ತದೆ. ದಟ್ಟವಾದ, ನೀಳವಾದ ಎಣ್ಣೆಗೆ ಅದೇ ಬೇಕು. ಅಭ್ರಕದ ಪುಡಿ ಬೆರೆತ ಪರ್ಲ್ ಎಂಬುದು ದೂರ ಜಾರಿ ಕೊನೆಯಲ್ಲಿ ಚುರುಕಾಗಿ ಹೊರಳುತ್ತದೆ. ಮಧ್ಯಮ ಅಥವಾ ತೆಳು ಎಣ್ಣೆಗೆ ಅದು ತಕ್ಕದ್ದು.

ಒಂದೇ ಚೆಂಡಿನ ಗುಣವನ್ನೂ ಬದಲಿಸಬಹುದು. ಉಪ್ಪು ಕಾಗದದಂಥ ಬಿಲ್ಲೆಯಿಂದ ಉಜ್ಜಿ ಒರಟು ಮಾಡಿದರೆ ಎಣ್ಣೆಯಲ್ಲಿಯೂ ಹಿಡಿತ ಬರುತ್ತದೆ. ಮೆರುಗು ಕೊಟ್ಟರೆ ದೂರ ಜಾರುತ್ತದೆ. ಬಿಲ್ಲೆಯ ಅಂಕ ಕಡಿಮೆಯಾದಷ್ಟೂ ಒರಟು ಹೆಚ್ಚು: ೫೦೦ ಬಹು ಒರಟು, ೪೦೦೦ ನುಣುಪು. ಸ್ಪರ್ಧೆ ಆರಂಭವಾದ ಮೇಲೆ ಉಜ್ಜುವಂತಿಲ್ಲ. ಆ ಕೆಲಸ ಮೊದಲೇ ಮುಗಿಯಬೇಕು. ಚೆಂಡಿನ ಒಳಗಿನ ಭಾರದ ತಿರುಳಿಗೂ ಪಾತ್ರವುಂಟು. ಅದು ಚೆಂಡನ್ನು ತುಸು ಓಲಾಡಿಸಿ, ಪ್ರತಿ ಸುತ್ತಿಗೂ ಹೊಸ ಒಣಮೈ ನೆಲಕ್ಕೆ ತಾಗುವಂತೆ ಮಾಡುತ್ತದೆ. ಆದರೆ ಕಲಿಯುವವರು ತಿರುಳಿನ ಅಂಕಿಗಳಲ್ಲಿ ತಲೆ ಕೆಡಿಸಿಕೊಳ್ಳದಿದ್ದರೆ ನಷ್ಟವಿಲ್ಲ.

ಎಣ್ಣೆ ಕಾಣದೆಂದೆನಲ್ಲ, ಅದನ್ನು ಓದುವ ಬಗೆಯೊಂದುಂಟು. ಮರಳಿ ಬಂದ ಚೆಂಡಿನ ಮೈಮೇಲೆ ಎಣ್ಣೆಯ ಬಳೆಗಳು ಮೂಡಿರುತ್ತವೆ. ಅವು ದಪ್ಪವಾಗಿದ್ದರೆ ದಾರಿಯಲ್ಲಿ ಎಣ್ಣೆ ಹೆಚ್ಚು. ಆಟ ಸಾಗಿದಂತೆ ಸಣ್ಣವಾದರೆ ದಾರಿ ಒಣಗುತ್ತಿದೆ ಎಂದರ್ಥ. ಲೇನಿನ ಅಗಲದಲ್ಲಿ ೩೯ ಪಟ್ಟಿಗಳಿವೆ. ಎಣ್ಣೆಯ ಉದ್ದದ ಅಡಿಗಳಿಂದ ೩೧ ಕಳೆಯಿರಿ. ಉಳಿದ ಅಂಕವೇ ಚೆಂಡು ಎಣ್ಣೆಯಿಂದ ಹೊರಬೀಳಬೇಕಾದ ಪಟ್ಟಿ, ಬಲಗೈಯವನಿಗೆ ಬಲ ಅಂಚಿನಿಂದ ಎಣಿಸಿದಾಗ. ೪೦ ಅಡಿಗೆ ಒಂಬತ್ತನೆಯ ಪಟ್ಟಿ. ೩೫ ಅಡಿಗೆ ನಾಲ್ಕನೆಯದು, ಮೋರಿಯ ಪಕ್ಕದಲ್ಲೇ! ಇದು ಅಂದಾಜಿನ ಸೂತ್ರ, ಆದರೆ ಆರಂಭಕ್ಕೆ ಸಾಕು. ಹಲವು ಚೆಂಡುಗಳು ಓಡಾಡಿದ ಮೇಲೆ ಎಣ್ಣೆ ಕರಗುತ್ತದೆ. ಹತ್ತು ಎಸೆತಗಳ ಹಿಂದೆ ಚೆನ್ನಾಗಿ ಕೆಡಹಿದ ಚೆಂಡು ಈಗ ಮೊದಲೇ ತಿರುಗಿ ಮೊದಲ ಪಿನ್ನಿನ ಎಡಕ್ಕೆ ಹಾಯತೊಡಗಿದರೆ ಆಟಗಾರನ ತಪ್ಪೇನೂ ಇಲ್ಲದಿರಬಹುದು. ಕಾಲನ್ನು ಒಂದೆರಡು ಪಟ್ಟಿ ಎಡಕ್ಕೆ ಸರಿಸಬೇಕು, ಇಲ್ಲವೆ ಮೆರುಗಿನ ಚೆಂಡಿಗೆ ಬದಲಾಗಬೇಕು.

ಬೆಲೆ ಹೆಚ್ಚಾದ ಚೆಂಡೇ ಮೇಲು ಎಂಬುದು ಇಲ್ಲಿ ಸಲ್ಲದ ಮಾತು. ಸಾಮಾನ್ಯ ಲೇನಿನಲ್ಲಿ ಆಡುವ ಹೊಸಬ ಅತಿ ಒರಟು, ಅತಿ ಬಲದ ಚೆಂಡನ್ನು ಕೊಂಡರೆ ಅದು ಒಣ ಅಂಚಿನಲ್ಲಿ ಕಚ್ಚಿಕೊಂಡು ಎಡಕ್ಕೆ ಓಡೀತು. ಹಣವೂ ಹೋಯಿತು, ಉತ್ಸಾಹವೂ ಹೋಯಿತು. ಮಧ್ಯಮ ಹಿಡಿತದ ರಿಯಾಕ್ಟಿವ್ ಒಂದು, ಪ್ಲಾಸ್ಟಿಕ್ ಒಂದು, ಇವೆರಡಿದ್ದರೆ ಬಹುಕಾಲ ಆಡಬಹುದು. ಪ್ಲಾಸ್ಟಿಕ್ಕನ್ನು ತಾತ್ಸಾರ ಮಾಡಬೇಡಿ. ಮೊದಲ ಎಸೆತದಲ್ಲಿ ಬಲ ಮೂಲೆಯ ಹತ್ತನೆಯ ಪಿನ್ನು ಒಂಟಿಯಾಗಿ ಉಳಿದಾಗ, ಎಣ್ಣೆಯ ಗೊಡವೆಯಿಲ್ಲದೆ ಲೇನಿಗೆ ಅಡ್ಡಲಾಗಿ ನೆಟ್ಟಗೆ ಓಡುವುದು ಅದೊಂದೇ. ತೂಕ ನಿಮ್ಮ ಕೈಗೆ ಹಗುರೆನಿಸುವಂತಿರಲಿ. ರಂಧ್ರಗಳನ್ನು ನಿಮ್ಮ ಬೆರಳಿನ ಅಳತೆಗೇ ಕೊರೆಸಿ. ಪ್ರತಿ ಎಸೆತದ ಬಳಿಕ ಒಣ ಬಟ್ಟೆಯಿಂದ ಚೆಂಡಿನ ಎಣ್ಣೆ ಒರಸಿ. ಇಲ್ಲವಾದರೆ ರಿಯಾಕ್ಟಿವ್ ಮೈ ಅದನ್ನು ಕುಡಿದು ದಿನೇ ದಿನೇ ಮಂಕಾಗುತ್ತದೆ. ಮತ್ತೊಂದು ಮಾತು: ಆರಂಭದ ಗೆರೆಯನ್ನು ದಾಟಿ ಕಾಲಿಡಬೇಡಿ. ದಾಟಿದ ಎಸೆತಕ್ಕೆ ಅಂಕವಿಲ್ಲ. ಕಾಣದ ಆ ಎಣ್ಣೆ ಅಲ್ಲಿಂದಲೇ ಆರಂಭವಾಗುವುದರಿಂದ ಬೆನ್ನು ನೆಲಕ್ಕೆ ಬೀಳುವುದೂ ಉಂಟು.