ಹಳೆಯ ಪೆಟ್ಟಿಗೆಯ ಹಿತ್ತಾಳೆ ತುತ್ತೂರಿ

ನಮ್ಮ ಪೂರ್ವಿಕರು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದರು. ಭರತಮುನಿಯ ನಾಟ್ಯಶಾಸ್ತ್ರದಲ್ಲಿಯೇ ಈ ವಿಭಾಗವುಂಟು. ಉಸಿರಿನಿಂದ ನುಡಿಯುವ ಶಂಖ, ಕೊಳಲು, ಕೊಂಬು, ಕಹಳೆಗಳು ಸುಷಿರ ವರ್ಗಕ್ಕೆ ಸೇರಿದವು. ಬ್ಯಾಂಡಿನವರು ಊದುವ ಹಿತ್ತಾಳೆಯ ತುತ್ತೂರಿಯೂ ಈ ಕುಲದ್ದೇ. ಅದು ಕಡಲಾಚೆಯಿಂದ ಬಂದುದಾದರೂ ನಮ್ಮ ಕೊಂಬಿಗೆ ದಾಯಾದಿಯೆನ್ನಲು ಅಡ್ಡಿಯಿಲ್ಲ.

ಬ್ರಿಟಿಷರ ದಂಡಿನೊಡನೆ ಬಂದ ಈ ವಾದ್ಯವು ಕ್ರಮೇಣ ಅರಮನೆಗಳನ್ನು ಸೇರಿತು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂಬ ಎರಡು ಮೇಳಗಳಿದ್ದುದು ಪ್ರಸಿದ್ಧವಾಗಿದೆ. ಅರಮನೆಯಿಂದ ಬೀದಿಗಿಳಿದ ಮೇಲೆ ಮದುವೆ, ಜಾತ್ರೆ, ಮೆರವಣಿಗೆಗಳಿಗೆ ಅದು ಭೂಷಣವಾಯಿತು. ನಮ್ಮ ರೋಣದಲ್ಲಿ 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಬಾಜಾಬಜಂತ್ರಿಯ ಮೆರವಣಿಗೆಯ ಬೆನ್ನುಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದರೆಂದೂ, ಉಪಾಧ್ಯಾಯರಾಗಿದ್ದ ತಂದೆಯವರು ಹುಡುಕಿ ಬೇಸತ್ತು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದರೆಂದೂ ಹೇಳುವರು. ಬೀದಿಯ ಬಾಜಾ ಎಂದು ತಾತ್ಸಾರಮಾಡುವವರು ಈ ಸಂಗತಿಯನ್ನು ನೆನೆಯಬೇಕು.

ಯಾವಗಲ್ಲಿನಂತಹ ಒಂದು ಊರಿನ ಮೇಳದವರು ಹಳೆಯ ಪೆಟ್ಟಿಗೆಯನ್ನು ತೆರೆದಾಗ, ಅಜ್ಜಂದಿರ ಕಾಲದ ಒಂದು ತುತ್ತೂರಿ ದೊರೆಯಿತೆಂದು ಭಾವಿಸೋಣ. ಅದರ ವಯಸ್ಸನ್ನು ತಿಳಿಯುವುದು ಹೇಗೆ? ಶಾಸನ ಓದುವವರು ಕಲ್ಲಿನ ಅಕ್ಷರವನ್ನು ನೋಡುವಂತೆ, ಮೊದಲು ಅದರ ಅಗಲವಾದ ಬಾಯಿಯ ಮೇಲಣ ಕೆತ್ತನೆಯನ್ನು ನೋಡಬೇಕು. ಲಂಡನ್ನಿನ ಬೂಸಿ ಮತ್ತು ಹಾಕ್ಸ್ ಎಂಬ ಎರಡು ಕಂಪನಿಗಳು 1930ರಲ್ಲಿ ಒಂದಾದವು. ಆದುದರಿಂದ ಬೂಸಿ ಕಂಪನಿಯ ಹೆಸರೊಂದೇ ಇದ್ದರೆ ವಾದ್ಯವು ಅದಕ್ಕೆ ಹಿಂದಿನದೆಂದು ಊಹಿಸಬಹುದು. ಎರಡೂ ಹೆಸರುಗಳು ಕೂಡಿದ್ದರೆ ಅನಂತರದ್ದು. ಮೀರತಿನ ಹೆಸರಿದ್ದರೆ ಅದು ನಮ್ಮ ದೇಶದ ಕುಶಲಿಗಳ ಕೃತಿ. ಅಲ್ಲಿ 1885ರಲ್ಲಿ ಸ್ಥಾಪಿತವಾದ ನಾದಿರ್ ಅಲಿ ಕಂಪನಿಯು ಬ್ಯಾಂಡಿನ ವಾದ್ಯಗಳಿಗೆ ಹೆಸರಾದುದು. ಕೆತ್ತನೆಯ ಬಳಿ ಅಂಕೆಗಳಿದ್ದರೆ ಅವನ್ನೂ ತಪ್ಪದೆ ಬರೆದಿಟ್ಟುಕೊಳ್ಳಬೇಕು. ತಯಾರಿಕೆಯ ಕ್ರಮಸಂಖ್ಯೆಯಿಂದ ಕಾಲನಿರ್ಣಯವು ಸುಲಭವಾಗುವುದು.

ಇನ್ನು ಮುಖ್ಯವಾದ ಮಾತು. ಇಂತಹ ವಾದ್ಯವನ್ನು ಇಂದಿನ ವಾದ್ಯಗಳೊಡನೆ ನುಡಿಸಿದರೆ ಶ್ರುತಿ ಕೂಡದಿರಬಹುದು. ಕೂಡಲೆ ‘ಇದು ಕೆಟ್ಟಿದೆ’ ಎಂದು ಮೂಲೆಗೆ ಎಸೆಯುವುದುಂಟು. ಅದು ಅವಿಚಾರ. ಬ್ರಿಟನ್ನಿನ ಬ್ಯಾಂಡುಗಳು ಹಿಂದೆ ಒಂದು ಎತ್ತರದ ಶ್ರುತಿಯನ್ನು ಇಟ್ಟುಕೊಂಡಿದ್ದವು. ಅವರು ಶ್ರುತಿಗೆ ಆಧಾರವಾಗಿ ಹಿಡಿಯುವ ಸ್ವರವು ಆಗ ಸೆಕೆಂಡಿಗೆ 452.5 ಕಂಪನಗಳಷ್ಟಿತ್ತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಪರಿಷತ್ತು ಅದೇ ಸ್ವರಕ್ಕೆ 440 ಕಂಪನಗಳನ್ನು ಗೊತ್ತುಮಾಡಿತು. ಆದರೂ ಅಲ್ಲಿನ ಹಿತ್ತಾಳೆ ಮೇಳಗಳು 1960ರ ದಶಕದವರೆಗೂ ಹಳೆಯದನ್ನು ಬಿಡಲಿಲ್ಲ. ಎರಡಕ್ಕೂ ಇರುವ ಅಂತರವು ಪೇಟಿಯ ಬಿಳಿಯ ಮನೆಗೂ ಅದರ ಪಕ್ಕದ ಕರಿಯ ಮನೆಗೂ ಇರುವ ಅಂತರದ ಸುಮಾರು ಅರ್ಧ. ಕಿವಿಗೆ ಕಠೋರವಾಗಲು ಅಷ್ಟೇ ಸಾಕು. ಇದು ವಾದ್ಯದ ದೋಷವಲ್ಲ, ಕಾಲಭೇದ.

ಇದಕ್ಕೆ ಪರಿಹಾರವೂ ಉಂಟು. ನಳಿಗೆಯು ಉದ್ದವಾದಷ್ಟೂ ಸ್ವರವು ಇಳಿಯುವುದು. ನಾಲ್ಕೂವರೆ ಅಡಿಯ ನಳಿಗೆಗೆ ಸುಮಾರು ಒಂದೂವರೆ ಅಂಗುಲವನ್ನು ಕೂಡಿಸಿದರೆ ಹಳೆಯ ಶ್ರುತಿಯು ಹೊಸದಕ್ಕೆ ಇಳಿಯುತ್ತದೆ. ಮೂರು ಒತ್ತುಗುಂಡಿಗಳ ಕಿರುನಳಿಗೆಗಳನ್ನೂ ಅದೇ ಪ್ರಮಾಣದಲ್ಲಿ ಹೊರಗೆಳೆಯಬೇಕು. ಬಲ್ಲ ಕುಶಲಿಯು ಇದನ್ನು ಬೇರೆ ತುಂಡಿನಿಂದ ಮಾಡಿಕೊಟ್ಟಾನು. ಮೂಲದ ಭಾಗವನ್ನು ಮಾತ್ರ ಕತ್ತರಿಸಗೊಡಬಾರದು.

ಪಾತ್ರೆ ಬೆಳಗುವ ನಮ್ಮ ಗೃಹಿಣಿಯರಿಗೆ ಒಂದು ವಿಜ್ಞಾಪನೆ. ಇಂತಹ ವಾದ್ಯಕ್ಕೆ ಹುಣಸೆಹಣ್ಣು, ಇಟ್ಟಿಗೆಯ ಪುಡಿ ಸಲ್ಲದು. ತಿಕ್ಕಿದಷ್ಟೂ ಕೆತ್ತನೆಯ ಅಕ್ಷರಗಳು ಸವೆಯುವವು. ಅಕ್ಷರ ಅಳಿದರೆ ವಂಶಾವಳಿಯೇ ಅಳಿದಂತೆ. ಹಿತ್ತಾಳೆಯು ತಾಮ್ರ ಸತುವುಗಳ ಮಿಶ್ರಣವಷ್ಟೆ. ಅಲ್ಲಲ್ಲಿ ಕೆಂಪು ಬೊಟ್ಟುಗಳು ತೋರಿದರೆ ಸತುವು ಕರಗಿ ತಾಮ್ರವು ಉಳಿದಿದೆಯೆಂದು ಅರ್ಥ. ಅದನ್ನು ಉಜ್ಜಿ ಹೋಗಲಾಡಿಸಲಾಗದು. ಉಗುರುಬೆಚ್ಚನೆಯ ನೀರಿನಲ್ಲಿ ಒಳಹೊರಗನ್ನು ತೊಳೆದು, ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಗುಂಡಿಗಳು ಕಚ್ಚಿಕೊಂಡಿದ್ದರೆ ಇಕ್ಕಳವನ್ನು ಹಚ್ಚದೆ, ತೆಳುವಾದ ಎಣ್ಣೆಯನ್ನು ಬಿಟ್ಟು ಒಂದೆರಡು ದಿನ ಕಾಯಬೇಕು. ತೊಳೆಯುವ ಮೊದಲು ಹುಡುಗರು ಅದನ್ನು ಬಾಯಿಗಿಟ್ಟು ಊದಕೂಡದು.

ಹಳೆಯ ಹಿತ್ತಾಳೆಯನ್ನು ಕೊಳ್ಳುವವನು ತಕ್ಕಡಿಯನ್ನು ಹಿಡಿದು ಬಾಗಿಲಿಗೆ ಬರುತ್ತಾನೆ. ಅವನಿಗೆ ತುತ್ತೂರಿಯೂ ಒಂದೇ, ಒಡಕು ಕೊಡವೂ ಒಂದೇ. ತೂಕದ ಬೆಲೆಯಷ್ಟೇ ಅವನ ಲೆಕ್ಕ. ಆದರೆ ಎಷ್ಟೋ ಮನೆಗಳ ದಿಬ್ಬಣವನ್ನು ನಡೆಯಿಸಿದ ಉಸಿರು ಆ ನಳಿಗೆಯಲ್ಲಿ ಹಾದುಹೋಗಿದೆ. ಕರಗಿಸಿದ ಮೇಲೆ ಲೋಹವು ಪುನಃ ಸಿಕ್ಕೀತು, ಆ ನಾದವು ಸಿಕ್ಕದು. ಆದುದರಿಂದ ಊರೂರಿನ ಮೇಳದ ಹಿರಿಯರು ಪೆಟ್ಟಿಗೆಗಳನ್ನು ಒಮ್ಮೆ ತೆರೆದು ನೋಡಲಿ. ಊದಿದವರ ಹೆಸರುಗಳನ್ನು ಬಲ್ಲವರಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದು ವಾದ್ಯದೊಡನೆ ಇಡಲಿ. ಹೆಸರು ಬಲ್ಲ ವೃದ್ಧರು ಇರುವಾಗಲೇ ಈ ಕಾರ್ಯವು ನಡೆಯಬೇಕು.