ನವರಂಗದ ಬಿಡಾರ

ಹಿಂದೆ ಕಾಲ್ನಡೆಯ ಪ್ರಯಾಣಿಕರು ಸಂಜೆಯಾಗುತ್ತಲೇ ಛತ್ರದಲ್ಲಿಯೋ ತೋಪಿನಲ್ಲಿಯೋ ಇಳಿದು, ಕೋಳಿ ಕೂಗುವ ಹೊತ್ತಿಗೆ ಗಂಟುಕಟ್ಟಿ ಹೊರಡುತ್ತಿದ್ದರು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಸೀಮೆಗೆ ಆಶ್ವಯುಜ ಮಾಸದಲ್ಲಿ ಈಗಲೂ ಹಾಗೆ ಬಂದಿಳಿಯುವ ಪಥಿಕನೊಬ್ಬನುಂಟು. ಅವನ ಕ್ರಮ ಮಾತ್ರ ವಿಪರೀತ. ಇರುಳೆಲ್ಲ ಪಯಣ, ಬೆಳಗಾದರೆ ಬಿಡಾರ. ಅವನೇ ನವರಂಗವೆಂಬ ಪಕ್ಷಿ.

ಗಾತ್ರದಲ್ಲಿ ಗೊರವಂಕಕ್ಕಿಂತ ತುಸು ಕಿರಿದು; ಬಾಲವೋ ಇದ್ದೂ ಇಲ್ಲದಂತೆ. ಬೆನ್ನು ಹಸುರು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಾಡಿಗೆ ತೀಡಿದಂತೆ ಕಪ್ಪುಪಟ್ಟಿ, ಕಂಠ ಬಿಳುಪು, ಎದೆ ಗೋಧಿವರ್ಣ, ಬಾಲದಡಿ ಕುಂಕುಮದ ಕೆಂಪು. ಉಳಿದ ಬಣ್ಣಗಳನ್ನು ಎಣಿಸುವ ಭಾರ ಮಕ್ಕಳದಾಗಲಿ! ಬೆಳಗು ಬೈಗುಗಳಲ್ಲಿ ತಪ್ಪದೆ ಕೂಗುವುದರಿಂದ ತಮಿಳರು ಇದನ್ನು ಆರು ಗಂಟೆಯ ಹಕ್ಕಿಯೆನ್ನುವರು.

ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಅಡವಿಗಳಲ್ಲಿಯೂ ಮಳೆಗಾಲದಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣದೇಶಕ್ಕೂ ಲಂಕೆಗೂ ಬರುವುದು ಇದರ ವಾಡಿಕೆ. ಚಳಿಗೆ ಹೆದರಿ ಬರುವುದೆಂದು ನಾವು ತರಗತಿಯಲ್ಲಿ ಹೇಳಿದ್ದುಂಟು, ಅದು ಅರ್ಧಸತ್ಯ. ಗರಿಯ ಹೊದಿಕೆಯುಳ್ಳವರಿಗೆ ಚಳಿಗಿಂತ ಹಸಿವು ಕಠಿನ. ತರಗೆಲೆಗಳನ್ನು ಕೆದಕಿ ಹುಳುಹುಪ್ಪಟೆಗಳನ್ನು ತಿನ್ನುವ ಈ ಪ್ರಾಣಿಗೆ, ಉತ್ತರದ ನೆಲವು ಒಣಗಿ ತಣ್ಣಗಾದರೆ ಊಟವೇ ದುರ್ಲಭವಷ್ಟೆ. ಮೇಘದೂತದ ಹಂಸಗಳು ಮಾನಸ ಸರೋವರಕ್ಕೆ ಹೊರಡುವುದನ್ನು ಮೂವತ್ತು ವರ್ಷ ಪಾಠ ಹೇಳಿದೆವು; ನಮ್ಮ ಹಿತ್ತಲಿಗೇ ಬರುವವನನ್ನು ಅರಿತಿರಲಿಲ್ಲ.

ಹೋದ ವರ್ಷ ಒಂದು ನಸುಕಿನಲ್ಲಿ ಜಗುಲಿಯ ವಿದ್ಯುದ್ದೀಪದ ಕೆಳಗೆ ನವರಂಗವೊಂದು ಗರಿ ಉಬ್ಬಿಸಿಕೊಂಡು ಕುಳಿತಿದ್ದಿತು. ಹಿಡಿದರೂ ಹಾರಲಿಲ್ಲ. ಪಂಜರದಲ್ಲಿಟ್ಟು ಅಕ್ಕಿ, ನೆನೆಗಡಲೆ, ಹಾಲು ಎಲ್ಲವನ್ನೂ ಒಡ್ಡಿದೆವು. ನೆರೆಕೆರೆಯವರು ಬಂದು ನೋಡಿ ಹೋದರು. ಮೂರನೆಯ ಬೆಳಿಗ್ಗೆ ಅದು ಸತ್ತಿದ್ದಿತು. ಮೊಮ್ಮಗನು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

ಆಮೇಲೆ ಪಕ್ಷಿಗಳನ್ನು ಬಲ್ಲ ಹಳೆಯ ಶಿಷ್ಯನೊಬ್ಬನು ನಮಗೆ ಪಾಠ ಹೇಳಿದನು. ರಾತ್ರಿಯಲ್ಲಿ ಗಾಳಿ ತಂಪು, ಗಿಡುಗಗಳ ಕಾಟವಿಲ್ಲ. ಆದಕಾರಣ ಇರುಳ ಪಯಣ. ಮೋಡ ಮಂಜುಗಳು ಕವಿದಾಗ ದೀಪಗಳೇ ಅವುಗಳನ್ನು ಸೆಳೆದು ದಾರಿ ತಪ್ಪಿಸುವುವು. ೪,೮೫೧ ಅಡಿ ಎತ್ತರದ ನಂದಿಬೆಟ್ಟದ ನೆತ್ತಿಯ ಮರಗಳಡಿ ಇಳಿದವು ಸುಖವಾಗಿ ಮೇಯುವುವು; ಪೇಟೆಯ ದೀಪಕ್ಕೆ ಮರುಳಾಗಿ ಬಿದ್ದವಕ್ಕೆ ಬೆಕ್ಕು ಕಾದಿರುವುದು. ಬಿದ್ದ ಹಕ್ಕಿಗೆ ಬೇಕಾದುದು ಕತ್ತಲೆ, ಮೌನ, ಕೆಲವು ಗಂಟೆಗಳ ವಿಶ್ರಾಂತಿ. ಬಾಯಿಗೆ ನೀರು ಹೊಯ್ಯಬಾರದು, ಬಲವಂತವಾಗಿ ತಿನ್ನಿಸಬಾರದು. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಸಾಕಿಕೊಳ್ಳುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ ವಿರುದ್ಧ.

ಈ ವರ್ಷ ಮತ್ತೊಂದು ಬಂದಿತು, ಬಾವಿಕಟ್ಟೆಯ ಬಳಿ. ಬಿದಿರಿನ ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ, ಮೇಲೊಂದು ಬಟ್ಟೆ ಮುಚ್ಚಿ, ಕತ್ತಲೆಯ ಕೋಣೆಯಲ್ಲಿಟ್ಟೆವು. ಮೊಮ್ಮಗನು ರೇಷ್ಮೆಹುಳುವೊಂದನ್ನು ಕದ್ದು ತಂದಿದ್ದನು; ಬೇಡವೆಂದೆವು. ನೋಡಬಂದವರಿಗೆ ಬಾಗಿಲು ತೆರೆಯಲಿಲ್ಲ. ಒಬ್ಬಿಬ್ಬರು ಮುನಿಸಿಕೊಂಡರು. ಸಂಜೆ ಹಿಪ್ಪುನೇರಳೆ ತೋಟದಂಚಿನಲ್ಲಿ ಬುಟ್ಟಿಯ ಬಟ್ಟೆ ತೆಗೆದಾಗ ಅದು ಕ್ಷಣಕಾಲ ನಮ್ಮನ್ನು ನೋಡಿ, ಕುಪ್ಪಳಿಸಿ ನೆಲಕ್ಕಿಳಿದು, ಒಂದು ಎಲೆಯನ್ನು ಮಗುಚಿ ಏನನ್ನೋ ನುಂಗಿತು. ಕತ್ತಲಾಗುವ ಮುನ್ನ ಎರಡು ಸಾರಿ ಕೂಗಿತು. ಮರುದಿನ ಬೆಳಿಗ್ಗೆ ಅಲ್ಲಿರಲಿಲ್ಲ.

ಜಗುಲಿಯ ದೀಪವನ್ನು ಈಗ ಒಂಬತ್ತು ಗಂಟೆಗೇ ಆರಿಸುವೆವು. ಮಾವಿನ ಮರದಡಿಯ ತರಗೆಲೆಗಳನ್ನು ಗುಡಿಸಬಾರದೆಂದೂ ಹೇಳಿದ್ದೇವೆ. ಹಿತ್ತಲು ಕೊಳಕಾಯಿತೆಂದು ನಮ್ಮ ಮನೆಯವರಿಗೆ ಇನ್ನೂ ಅಸಮಾಧಾನವಿದೆ.