ಕಡೂರಿನ ವೇದಾ ಮತ್ತು ‘ಬ್ಯಾಟ್ಸ್‌ಮನ್’

2017ರ ಜುಲೈ 23ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಯಿತು. ಕಡೂರಿನ ವೇದಾ ಕೃಷ್ಣಮೂರ್ತಿ 35 ರನ್ ಹೊಡೆದರು. ಭಾರತ 9 ರನ್‌ಗಳಿಂದ ಸೋತರೂ ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳು ಲಾರ್ಡ್ಸ್‌ನಲ್ಲಿ ಬ್ಯಾಟು ಬೀಸಿದ್ದು ಹೆಮ್ಮೆಯ ಸಂಗತಿಯೇ. ಆದರೆ ಅಂದು ಜಾರಿಯಲ್ಲಿದ್ದ ಕ್ರಿಕೆಟ್ ನಿಯಮಾವಳಿ ತೆರೆದು ನೋಡಿದರೆ, ಕ್ರೀಸಿನಲ್ಲಿ ನಿಂತವರಿಗೆ ಅದು ಕೊಟ್ಟಿದ್ದ ಹೆಸರು ‘ಬ್ಯಾಟ್ಸ್‌ಮನ್’.

ಆ ನಿಯಮಗಳನ್ನು ಬರೆಯುವ ಎಂಸಿಸಿ ಕ್ಲಬ್ಬು ಹುಟ್ಟಿದ್ದು 1787ರಲ್ಲಿ. ಹೆಂಗಸರಿಗೆ ಸದಸ್ಯತ್ವ ಕೊಡಲು ಅದು ಒಪ್ಪಿದ್ದು 1998ರಲ್ಲಿ. ‘ಬ್ಯಾಟ್ಸ್‌ಮನ್’ ತೆಗೆದು ‘ಬ್ಯಾಟರ್’ ಎಂದು ತಿದ್ದಿದ್ದು 2021ರ ಸೆಪ್ಟೆಂಬರಿನಲ್ಲಿ. ಮೊದಲು ಹೆಂಗಸರು ಬಾಗಿಲು ದಾಟಿ ಒಳಗೆ ಬಂದರು, ಪದ ಬದಲಾಗಲು ಮತ್ತೆ ಇಪ್ಪತ್ತಮೂರು ವರ್ಷ ಹಿಡಿಯಿತು.

ಪದಗಳ ಈ ಮಾತು ನಮ್ಮ ತರಗತಿಗಳಿಗೂ ಸೇರಿದ್ದು. ಬೀರೂರು–ಚಿಕ್ಕಜಾಜೂರು ರೈಲು ಮಾರ್ಗದ ಶಿವನಿಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಮಕ್ಕಳು ಪದವಿಗೆಂದು ಅಜ್ಜಂಪುರ, ಬೀರೂರು, ಕಡೂರು, ತರೀಕೆರೆಗೆ ಹೋಗುತ್ತಾರೆ. ಎಂ.ಎ. ಎಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಇವರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷಿನಲ್ಲಿರುವ ಲಿಂಗ ತಾರತಮ್ಯದ ಬಗ್ಗೆ ಇಂಥ ಮಕ್ಕಳೊಡನೆ ಮಾತಿಗೆ ಕೂತರೆ ಮೊದಲು ಬರುವ ಉತ್ತರ ‘ಚೇರ್‌ಪರ್ಸನ್’. ಅದನ್ನು ಎಲ್ಲೋ ಓದಿರುತ್ತಾರೆ. ‘ಎವ್ರಿ ಸ್ಟೂಡೆಂಟ್ ಮಸ್ಟ್ ಬ್ರಿಂಗ್ ಹಿಸ್ ಹಾಲ್ ಟಿಕೆಟ್’ ಎಂದು ಬೋರ್ಡಿನ ಮೇಲೆ ಬರೆದರೆ ಮಾತ್ರ ಯಾರೂ ತಲೆ ಎತ್ತುವುದಿಲ್ಲ. ತರಗತಿಯಲ್ಲಿ ಮುಕ್ಕಾಲು ಪಾಲು ಹುಡುಗಿಯರೇ ಇದ್ದರೂ ಆ ‘ಹಿಸ್’ ಯಾರನ್ನೂ ಚುಚ್ಚುವುದಿಲ್ಲ. ಕೇಳಿದರೆ, ‘ಗ್ರಾಮರ್ ಹಾಗೇ ಅಲ್ವಾ?’ ಎನ್ನುತ್ತಾರೆ.

ಇದನ್ನು ಅರಿವಿನ ಕೊರತೆ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹತ್ತಾರು ವರ್ಷ ಇಂಗ್ಲಿಷನ್ನು ಹೆದರಿಕೆಯಿಂದಲೇ ಕಲಿತ ಮಕ್ಕಳಿವರು. ಒಂದು ವಾಕ್ಯ ತಪ್ಪಿಲ್ಲದೆ ಬಂದರೆ ಸಾಕಪ್ಪಾ ಎಂದು ಉಸಿರು ಬಿಡುವವರಿಗೆ, ಆ ವಾಕ್ಯದಲ್ಲೇ ಅನ್ಯಾಯವಿದೆ ಎಂದು ಅನ್ನಿಸಬೇಕಾದರೆ ಮೊದಲು ಆ ಭಾಷೆ ತನ್ನದೂ ಹೌದು ಎಂಬ ಧೈರ್ಯ ಬೇಕು. ಆ ಧೈರ್ಯವನ್ನು ನಾವು ಕೊಟ್ಟಿಲ್ಲ.

ನಾವು ಕೊಟ್ಟದ್ದು ರೆನ್ ಅಂಡ್ ಮಾರ್ಟಿನ್. ತಲೆಮಾರುಗಳಿಂದ ನಮ್ಮ ಕಾಲೇಜುಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದ ಆ ವ್ಯಾಕರಣ ಪುಸ್ತಕದಲ್ಲಿ ಲಿಂಗದ ಅಧ್ಯಾಯವೊಂದಿದೆ. ಶಕ್ತಿಗೂ ಉಗ್ರತೆಗೂ ಹೆಸರಾದ ವಸ್ತುಗಳು ಪುಲ್ಲಿಂಗ ಎಂದು ಅದು ಹೇಳುತ್ತದೆ: ಸೂರ್ಯ, ಬೇಸಿಗೆ, ಕಾಲ, ಸಾವು. ಚೆಲುವು, ಮೃದುತ್ವ ಇರುವುದೆಲ್ಲ ಸ್ತ್ರೀಲಿಂಗ: ಚಂದ್ರ, ಭೂಮಿ, ವಸಂತ, ದಯೆ, ಶಾಂತಿ. ಅದರ ಹಿಂದೆಯೇ ಪೊಯೆಟ್–ಪೊಯೆಟೆಸ್, ಆಥರ್–ಆಥರೆಸ್ ಎಂಬ ಜೋಡಿಗಳ ಪಟ್ಟಿ. ಗಂಡು ಬಲಶಾಲಿ, ಹೆಣ್ಣು ಕೋಮಲೆ ಎಂಬ ಮಾತನ್ನು ಮನೆಯಲ್ಲಿ ಅಜ್ಜಿ ಹೇಳಿದ್ದರೆ ಇಂದಿನ ಹುಡುಗಿ ಎದುರು ಮಾತಾಡುತ್ತಿದ್ದಳು. ಪರೀಕ್ಷೆಗೆ ಬರುವ ನಿಯಮವಾಗಿ ಬಂದದ್ದರಿಂದ ಬಾಯಿಪಾಠ ಮಾಡಿದಳು.

‘ಹೀ’ ಎಂದರೆ ಹೆಣ್ಣೂ ಸೇರಿದಂತೆ ಎಂಬುದು ನಿಸರ್ಗನಿಯಮವೇನಲ್ಲ. 1850ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆಗಳ ಭಾಷೆಯನ್ನು ಚಿಕ್ಕದು ಮಾಡಲೆಂದು ಹಾಗೆ ಶಾಸನ ಮಾಡಿತು. ನಮ್ಮಲ್ಲಿ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಇವತ್ತಿಗೂ ಜಾರಿಯಲ್ಲಿದೆ. ಕಾಗದದ ಮೇಲೆ ಹೆಣ್ಣನ್ನು ಸೇರಿಸಿಕೊಂಡದ್ದಾಯಿತು, ಮನಸ್ಸು ಸೇರಿಸಿಕೊಳ್ಳುತ್ತದೆಯೇ? 1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜೋಸೆಫ್ ಶ್ನೈಡರ್ ಮತ್ತು ಸ್ಯಾಲಿ ಹ್ಯಾಕರ್ ಇದನ್ನು ಪರೀಕ್ಷಿಸಿದರು. ಪಠ್ಯಪುಸ್ತಕದ ಅಧ್ಯಾಯಗಳಿಗೆ ಹೊಂದುವ ಚಿತ್ರಗಳನ್ನು ಆರಿಸಿ ತನ್ನಿ ಎಂದು ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿದರು. ಕೆಲವರಿಗೆ ಕೊಟ್ಟ ತಲೆಬರಹ ‘ಅರ್ಬನ್ ಮ್ಯಾನ್’ ಮಾದರಿಯದು, ಉಳಿದವರಿಗೆ ‘ಅರ್ಬನ್ ಲೈಫ್’ ಮಾದರಿಯದು. ‘ಮ್ಯಾನ್’ ಇದ್ದ ಕಡೆ ಬರೀ ಗಂಡಸರ ಚಿತ್ರಗಳು ಹೆಚ್ಚು ಬಂದವು.

ಈ ಪರೀಕ್ಷೆಯನ್ನು ನಮ್ಮ ಯಾವ ಕಾಲೇಜಿನಲ್ಲೂ ಮಾಡಬಹುದು, ಖರ್ಚಿಲ್ಲ. ‘ಒಬ್ಬ ರೈತನ ಚಿತ್ರ ಬರೆಯಿರಿ’ ಎಂದರೆ ಮೊದಲು ಬರುವುದು ಹೆಗಲ ಮೇಲೆ ಟವೆಲ್ ಹಾಕಿದ ಗಂಡಸು. ಶಿವನಿಯ ಸುತ್ತಮುತ್ತ ಕಳೆ ಕೀಳುವವರು, ಈರುಳ್ಳಿ ಕಟಾವಿಗೆ ಬಗ್ಗುವವರು, ಅಡಿಕೆ ಸುಲಿಯಲು ಕೂರುವವರು ಯಾರು ಎಂದು ಆಮೇಲೆ ಕೇಳಬೇಕು. ಆಗ ತರಗತಿಯಲ್ಲಿ ಮಾತು ಶುರುವಾಗುತ್ತದೆ.

ಹುಡುಗಿಯರು ಕೂಡಲೇ ಎಚ್ಚರಗೊಳ್ಳುವ ಪದ ಇನ್ನೊಂದಿದೆ: ‘ಈವ್ ಟೀಸಿಂಗ್’. ಇದು ಇಂಗ್ಲೆಂಡಿನಿಂದ ಬಂದದ್ದಲ್ಲ, ನಮ್ಮ ಉಪಖಂಡದ ಇಂಗ್ಲಿಷಿನದೇ ಕೂಸು. ಬಸ್‌ ಸ್ಟ್ಯಾಂಡಿನಲ್ಲಿ ಮೈ ಸವರಿಕೊಂಡು ಹೋಗುವುದು, ದಾರಿ ಅಡ್ಡಗಟ್ಟುವುದು, ದಿನವೂ ಹಿಂಬಾಲಿಸುವುದು, ಇಷ್ಟನ್ನೂ ಆ ಪದ ಒಂದು ಚೇಷ್ಟೆಯ ಮಟ್ಟಕ್ಕೆ ಇಳಿಸುತ್ತದೆ. ಹುಡುಗಿಯನ್ನು ‘ಈವ್’ ಎಂದು ಕರೆದು, ಆಸೆ ಹುಟ್ಟಿಸಿದ ತಪ್ಪು ಅವಳದೇ ಎಂಬ ಹಳೆಯ ಕಥೆಯನ್ನೂ ಜೊತೆಗೆ ಎಳೆದು ತರುತ್ತದೆ. ಪದ ಬದಲಾದರೆ ಏನು ಬದಲಾಗುತ್ತದೆ ಎಂದು ಕೇಳುವ ಹುಡುಗರಿಗೆ ನಾನು ಕೊಡುವ ಉತ್ತರ ಇದೇ. ‘ಚುಡಾಯಿಸಿದರು’ ಎಂದು ಮನೆಯಲ್ಲಿ ಹೇಳಿದರೆ ‘ಆ ದಾರಿಯಲ್ಲಿ ಹೋಗಬೇಡ’ ಎನ್ನುತ್ತಾರೆ, ಮುಂದುವರಿದರೆ ಕಾಲೇಜನ್ನೇ ಬಿಡಿಸುತ್ತಾರೆ. ‘ಲೈಂಗಿಕ ಕಿರುಕುಳ’ ಎಂದು ಬರೆದುಕೊಟ್ಟರೆ ಅದು ಅಪರಾಧ, ಪೊಲೀಸರು ದೂರು ದಾಖಲಿಸಿಕೊಳ್ಳಬೇಕು.

ತಮಿಳುನಾಡು 1998ರಲ್ಲಿ ‘ಈವ್ ಟೀಸಿಂಗ್’ ಎಂಬ ಹೆಸರಿನಲ್ಲೇ ಕಾಯ್ದೆ ತಂದು, ಮುಂದೆ ಅದನ್ನು ಮಹಿಳೆಯರ ಮೇಲಿನ ಕಿರುಕುಳ ತಡೆ ಕಾಯ್ದೆ ಎಂದು ಬದಲಾಯಿಸಿತು. 2023ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬಿಡುಗಡೆ ಮಾಡಿದ ಸುಪ್ರೀಂ ಕೋರ್ಟಿನ ಕೈಪಿಡಿ, ಈ ಪದ ಬೇಡ, ಬೀದಿಯಲ್ಲಿನ ಲೈಂಗಿಕ ಕಿರುಕುಳ ಎಂದೇ ಬರೆಯಿರಿ ಎಂದಿತು. ‘ಹೌಸ್‌ವೈಫ್’ ಬದಲು ‘ಹೋಮ್‌ಮೇಕರ್’, ‘ಸ್ಪಿನ್‌ಸ್ಟರ್’ ಬದಲು ಮದುವೆಯಾಗದ ಮಹಿಳೆ, ‘ಕೆರಿಯರ್ ವುಮನ್’ ಬದಲು ಬರೀ ‘ವುಮನ್’ ಎಂದು ಅದರ ಪಟ್ಟಿ ಸಾಗುತ್ತದೆ. ಕೋರ್ಟು ಅದನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸಿತು. ಪದವಿಯ ಇಂಗ್ಲಿಷ್ ಪಠ್ಯದಲ್ಲಿ ಅದರ ನಾಲ್ಕು ಪುಟ ಇಟ್ಟರೆ ತಾಂತ್ರಿಕವಾಗಿಯೂ ಶೈಕ್ಷಣಿಕವಾಗಿಯೂ ಅಡ್ಡಿಯಿಲ್ಲ.

ಉದ್ಯೋಗದ ಅರ್ಜಿಗಳಿಗೆ ಬಂದರೆ ವಿಷಯ ಹೊಟ್ಟೆಪಾಡಿನದಾಗುತ್ತದೆ. ಬೆಂಗಳೂರಿನಲ್ಲಿ ಇಸ್ರೋ 2019ರಲ್ಲಿ ಆರಂಭಿಸಿದ ಗಗನಯಾನ ಕೇಂದ್ರದ ಹೆಸರಿನಲ್ಲಿರುವುದು ‘ಮ್ಯಾನ್’ ಅಲ್ಲ, ‘ಹ್ಯೂಮನ್’. ಎಲ್ಲ ಕಡೆ ಹಾಗಾಗಿಲ್ಲ. ರೈಲ್ವೆ 2022ರ ಜನವರಿಯಲ್ಲಿ ‘ಗಾರ್ಡ್’ ಅನ್ನು ‘ಟ್ರೈನ್ ಮ್ಯಾನೇಜರ್’ ಮಾಡಿತು, ‘ಪಾಯಿಂಟ್ಸ್‌ಮನ್’ ಹಾಗೇ ಉಳಿಯಿತು. ನಮ್ಮ ವಿದ್ಯುತ್ ಕಂಪನಿಗಳು ಲೈನ್‌ಮನ್ ಎಂಬ ಹಳೆಯ ಹೆಸರು ಬಿಟ್ಟು ಹೊಸದು ಇಟ್ಟವು. ಆ ಹೊಸ ಹೆಸರು ‘ಪವರ್‌ಮ್ಯಾನ್’. 2024ರ ನೇಮಕಾತಿ ಪ್ರಕಟಣೆಯಲ್ಲೂ ಅದೇ ಇತ್ತು. ಹೆಸರು ಬದಲಿಸಲು ಕೂತ ದಿನವೂ ‘ಮ್ಯಾನ್’ ಬಿಡಬೇಕೆಂದು ಹೊಳೆಯಲಿಲ್ಲವೆಂಬುದು ನನಗೆ ನೋವಿನ ಸಂಗತಿ. ಕಂಬ ಹತ್ತುವ ಕೆಲಸ ಹುಡುಗಿಯರಿಗಲ್ಲ ಎಂದು ಊರು ಹೇಳುತ್ತಲೇ ಇದೆ, ಅರ್ಜಿಯ ತಲೆಬರಹವೂ ಅದನ್ನೇ ಹೇಳಬೇಕೇ?

ಕನ್ನಡ ಇದರಲ್ಲಿ ನಿರ್ದೋಷಿ ಎಂದು ನಾನು ಹೇಳಲಾರೆ. ನಿಜ, ‘ಡಾಕ್ಟ್ರು ಬಂದ್ರು’ ಎಂದಾಗ ಗಂಡೋ ಹೆಣ್ಣೋ ಎಂದು ಹೇಳಬೇಕಾದ ಕಟ್ಟುಪಾಡಿಲ್ಲ. ಆ ಬಹುವಚನ ಎಲ್ಲರಿಗೂ ಮರ್ಯಾದೆ ಕೊಡುತ್ತದೆ. ಆದರೆ ಪಹಣಿ ತೆಗೆದು ನೋಡಿದರೆ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಅಪ್ಪನ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು. ಕೂಲಿಯ ಮಾತಿಗೆ ಬಂದರೆ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಅಮ್ಮ ಹೆಣ್ಣಾಳಿನ ಕೂಲಿಗೆ ಹೋಗಿ ಫೀಸು ಕಟ್ಟಿದ ಹುಡುಗಿಗೆ ಈ ವಿಷಯವನ್ನು ಅಮೆರಿಕದ ಉದಾಹರಣೆಯಿಂದ ಶುರು ಮಾಡಬೇಕಿಲ್ಲ. ಪಹಣಿಯಿಂದ ಶುರು ಮಾಡಿದರೆ ‘ಹಿಸ್’ ಏನು ಮಾಡುತ್ತಿದೆ ಎಂದು ಅವಳೇ ಹೇಳುತ್ತಾಳೆ.

ಇನ್ನು ಮೌಲ್ಯಮಾಪನ. ‘ಎವ್ರಿ ಸ್ಟೂಡೆಂಟ್’ ಆದಮೇಲೆ ‘ದೇರ್’ ಎಂದು ಬರೆದವರಿಗೆ ಕೆಂಪು ಶಾಯಿ ಹಾಕುವ ಅಭ್ಯಾಸ ನಿಲ್ಲಬೇಕು. ಒಬ್ಬರಿಗೇ ‘ದೇ’ ಬಳಸುವುದು ಶೇಕ್ಸ್‌ಪಿಯರ್‌ನಲ್ಲೂ ಜೇನ್ ಆಸ್ಟಿನ್‌ಳಲ್ಲೂ ಇದೆ; ಇಬ್ಬರನ್ನೂ ಎಂ.ಎ. ಮಕ್ಕಳು ಓದುತ್ತಾರೆ. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ‘ದೇ’ಯನ್ನು ವರ್ಷದ ಪದವಾಗಿ ಆರಿಸಿತು. ಶಿವನಿಯ ಕಡೆಯ ಹುಡುಗಿಯೊಬ್ಬಳು ಉತ್ತರಪತ್ರಿಕೆಯಲ್ಲಿ ಆ ಪದ ಬರೆದರೆ ಅವಳಿಗೆ ಸಲ್ಲಬೇಕಾದ ಪೂರ್ತಿ ಅಂಕ ಸಲ್ಲಲಿ.